ಒಳಗಿದ್ದ ದಿನಗಳ ಲೆಕ್ಕ: ಕಾನೂನು ಪ್ರಶ್ನೋತ್ತರ

ತೀರ್ಪಿಗೆ ಮೊದಲು ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಹಿಡಿಯುತ್ತಾರೆಯೇ, ಹಿಡಿದರೆ ಹೇಗೆ? ಹೀಗೆ ಹಿಡಿದು ಶಿಕ್ಷೆಯಿಂದ ಕಳೆಯುವುದಕ್ಕೆ ಸೆಟ್ ಆಫ್ ಎನ್ನುತ್ತಾರೆ, ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 428ನೇ ಕಲಂ. ಈ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಕೇಳಿದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ತಮ್ಮನನ್ನು 2022ರ ಮಾರ್ಚ್ 12ರಂದು ಬಂಧಿಸಿದರು. ಸೆಪ್ಟೆಂಬರ್ 30ರಂದು ಜಾಮೀನಿನ ಮೇಲೆ ಹೊರಬಂದ. ಕೋರ್ಟಿಗೆ ಸರಿಯಾಗಿ ಹಾಜರಾಗಲಿಲ್ಲವೆಂದು ಜಾಮೀನು ರದ್ದಾಗಿ 2024ರ ಫೆಬ್ರವರಿ 5ರಂದು ಮತ್ತೆ ಒಳಗೆ ಹೋದ. ಜೂನ್ 18ರಂದು 3 ವರ್ಷ ಸಜೆ ಆಯಿತು. ತೀರ್ಪಿನಲ್ಲಿ 'ಆರೋಪಿಯು ಕಲಂ 428ರ ಸೌಲಭ್ಯಕ್ಕೆ ಅರ್ಹ' ಎಂದಷ್ಟೇ ಇದೆ. ಜೈಲಿನಲ್ಲಿ ವಿಚಾರಿಸಿದರೆ ಫೆಬ್ರವರಿಯಿಂದ ಮಾತ್ರ ಹಿಡಿದಿದ್ದೇವೆ ಎನ್ನುತ್ತಾರೆ. 2022ರ ದಿನಗಳು ಹೋದ ಹಾಗೆಯೇ?

ಉತ್ತರ: ಹೋಗಿಲ್ಲ. ಕಾನೂನು ಎಣಿಸುವುದು ಅದೇ ಪ್ರಕರಣದ ತನಿಖೆ, ವಿಚಾರಣೆಯ ಕಾಲದಲ್ಲಿ ಶಿಕ್ಷೆಗೆ ಮೊದಲು ಬಂಧನದಲ್ಲಿದ್ದ ಎಲ್ಲ ದಿನಗಳನ್ನು. ಅವು ಒಂದೇ ಕಂತಿನಲ್ಲಿರಬೇಕೆಂದಿಲ್ಲ. ನಡುವೆ ಜಾಮೀನಿನಲ್ಲಿದ್ದ ಕಾಲ ಮಾತ್ರ ಸೇರುವುದಿಲ್ಲ. ಜಾಮೀನು ರದ್ದಾದದ್ದು ಅವನ ತಪ್ಪಿನಿಂದಲೇ ಇರಬಹುದು, ಆ ಕಾರಣಕ್ಕೆ ಮೊದಲ ಕಂತು ಅಳಿಸಿಹೋಗುವುದಿಲ್ಲ.

ಲೆಕ್ಕ ಹೀಗೆ. ಮೊದಲ ಕಂತು: ಮಾರ್ಚ್ 12ರಿಂದ 31ರವರೆಗೆ 20 ದಿನ, ಏಪ್ರಿಲ್‌ನಿಂದ ಸೆಪ್ಟೆಂಬರ್ 30ರವರೆಗೆ 183, ಒಟ್ಟು 203. ಎರಡನೇ ಕಂತು: ಫೆಬ್ರವರಿ 5ರಿಂದ 29ರವರೆಗೆ 25 (2024 ಅಧಿಕ ವರ್ಷ, ಎಷ್ಟೋ ಲೆಕ್ಕಗಳಲ್ಲಿ ಒಂದು ದಿನ ಬಿದ್ದುಹೋಗುವುದು ಇಲ್ಲೇ), ಮಾರ್ಚ್‌ನಿಂದ ಮೇ ಕೊನೆಯವರೆಗೆ 92, ಜೂನ್ 17ರವರೆಗೆ 17, ಒಟ್ಟು 134. ಎರಡೂ ಕೂಡಿ 337 ದಿನ. ಜೂನ್ 18ರಿಂದ ಪೂರ್ತಿ 3 ವರ್ಷವೆಂದರೆ 2027ರ ಜೂನ್ 17ಕ್ಕೆ ಮುಗಿಯಬೇಕು. ಅದರಿಂದ 337 ದಿನ ಹಿಂದಕ್ಕೆ ಬಂದರೆ 2026ರ ಜುಲೈ 15. ಮಾಫಿ ಏನೂ ಸಿಗದಿದ್ದರೂ ಬಿಡುಗಡೆಯ ದಿನ ಅಲ್ಲಿಗೆ ನಿಲ್ಲಬೇಕು. ಜೈಲಿನವರು ಹಿಡಿದಿರುವುದು 134 ದಿನ ಮಾತ್ರ. ಉಳಿದ 203 ದಿನವೆಂದರೆ ಆರೂವರೆ ತಿಂಗಳಿಗೂ ಮೇಲೆ.

ಹೀಗಾಗಲು ಕಾರಣ ಸಾಮಾನ್ಯವಾಗಿ ದ್ವೇಷವಲ್ಲ, ಕಾಗದ. ಕೋರ್ಟಿನಿಂದ ಜೈಲಿಗೆ ಹೋಗುವುದು ಶಿಕ್ಷೆಯ ವಾರಂಟು. ತೀರ್ಪಿನ ಪುಟಗಳನ್ನು ಅಲ್ಲಿ ಕೂತು ಓದುವವರಿಲ್ಲ. ವಾರಂಟಿನಲ್ಲಿ ಬಂಧನದ ದಿನಾಂಕಗಳ ಜಾಗ ಖಾಲಿ ಇದ್ದರೆ, ಜೈಲಿನ ಗುಮಾಸ್ತರು ತಮ್ಮ ದಾಖಲೆಯಲ್ಲಿ ಕಣ್ಣಿಗೆ ಬಿದ್ದ ಕೊನೆಯ ಪ್ರವೇಶದಿಂದ ಎಣಿಸುತ್ತಾರೆ. ಮೊದಲ ಸಲ ಬೇರೆ ಉಪ ಕಾರಾಗೃಹದಲ್ಲಿದ್ದು ಈಗ ಕೇಂದ್ರ ಕಾರಾಗೃಹದಲ್ಲಿದ್ದರಂತೂ ಹಳೆಯ ಕಂತು ಮರೆತುಹೋಗುವುದು ಇನ್ನೂ ಸುಲಭ.

ಇದರ ಜೊತೆ ಇನ್ನೊಂದು ಸಂದು ನೋಡಿಕೊಳ್ಳಿ. ಬಂಧಿಸಿದ ಮೇಲೆ ಕೆಲವು ದಿನ ಪೊಲೀಸ್ ಕಸ್ಟಡಿಯಲ್ಲಿ ಇಟ್ಟುಕೊಂಡಿದ್ದರೆ ಆ ದಿನಗಳು ಜೈಲಿನ ಪುಸ್ತಕದಲ್ಲಿ ಇರುವುದೇ ಇಲ್ಲ, ಏಕೆಂದರೆ ಆಗಿನ್ನೂ ಅವನು ಜೈಲಿಗೆ ಬಂದಿರಲಿಲ್ಲ. ಆದರೆ ಕಾನೂನಿನ ಕಣ್ಣಿಗೆ ಅದೂ ಬಂಧನವೇ. ಬೇರೆ ರಾಜ್ಯದಲ್ಲಿ ಹಿಡಿದು ಕರೆತಂದಿದ್ದರೆ ದಾರಿಯ ದಿನಗಳೂ ಸೇರುತ್ತವೆ, ಪಹರೆಯಲ್ಲಿ ಆಸ್ಪತ್ರೆಯಲ್ಲಿದ್ದ ದಿನಗಳೂ ಸೇರುತ್ತವೆ. ಮಧ್ಯಂತರ ಜಾಮೀನಿನ ದಿನಗಳು ಸೇರುವುದಿಲ್ಲ. ಠಾಣೆಗೆ ದಿನಾ ಹೋಗಿ ಸಹಿ ಹಾಕಿ ಬಂದದ್ದು ಬಂಧನವಲ್ಲ.

ಮಾಡಬೇಕಾದದ್ದು: ದಸ್ತಗಿರಿ ಮೆಮೊ, ಮೊದಲ ರಿಮಾಂಡ್ ಆದೇಶ, 2022ರ ಬಿಡುಗಡೆ ಆದೇಶ, ಫೆಬ್ರವರಿ 5ರ ಆದೇಶ, ಇವುಗಳ ದೃಢೀಕೃತ ಪ್ರತಿಗಳನ್ನು ಶಿಕ್ಷೆ ಕೊಟ್ಟ ಕೋರ್ಟಿನ ನಕಲು ಶಾಖೆಯಿಂದ ತೆಗೆಸಿ. ಜೈಲಿನಿಂದ ಕಸ್ಟಡಿ ಪ್ರಮಾಣಪತ್ರ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಬಿಟ್ಟುಹೋದ ದಿನಗಳನ್ನು ಕೋಷ್ಟಕ ಮಾಡಿ, ತಿದ್ದಿದ ವಾರಂಟು ಕಳಿಸಬೇಕೆಂದು ಅದೇ ಕೋರ್ಟಿಗೆ ಅರ್ಜಿ ಹಾಕಿಸಿ. 'ಸುಮಾರು 11 ತಿಂಗಳು' ಎಂದು ಬರೆದರೆ ಉಪಯೋಗವಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ದಿನ ಎಂದೇ ಇರಬೇಕು.

ಪ್ರಶ್ನೆ: ನಮ್ಮ ಯಜಮಾನರ ತೀರ್ಪಿನಲ್ಲಿ ಸೆಟ್ ಆಫ್ ಎಂಬ ಮಾತೇ ಇಲ್ಲ. ನ್ಯಾಯಾಧೀಶರು ಕೊಡಲಿಲ್ಲವೆಂದರೆ ಸಿಗುವುದಿಲ್ಲ ಎಂದು ಒಬ್ಬರು ಹೇಳಿದರು.

ಉತ್ತರ: ತಪ್ಪು ಮಾತು. ಇದು ನ್ಯಾಯಾಧೀಶರು ಮನಸ್ಸು ಮಾಡಿ ಕೊಡುವ ರಿಯಾಯಿತಿಯಲ್ಲ. ಕಲಂನಲ್ಲಿರುವುದು 'ಕಳೆಯತಕ್ಕದ್ದು' ಎಂಬ ಅರ್ಥದ ಕಡ್ಡಾಯದ ಮಾತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಆಗಿ ಇದು 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೆ ಮೊದಲಿನ 1898ರ ಸಂಹಿತೆಯಲ್ಲಿ ಇಂಥ ಕಲಂ ಇರಲಿಲ್ಲ. ವಿಚಾರಣೆ ಎಳೆದಷ್ಟೂ ಆರೋಪಿಯ ಶಿಕ್ಷೆ ಸದ್ದಿಲ್ಲದೆ ಉದ್ದವಾಗುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 468ನೇ ಕಲಂ. ಹಳೆಯ ಪ್ರಕರಣಗಳ ತೀರ್ಪಿನಲ್ಲಿ 428 ಎಂದಿರಬಹುದು, ಹೊಸದರಲ್ಲಿ 468 ಎಂದಿರಬಹುದು. ಅಂಕಿ ಬೇರೆಯಾದ ಮಾತ್ರಕ್ಕೆ ಹಕ್ಕು ಬೇರೆಯಾಗುವುದಿಲ್ಲ.

ಮೊದಲು ಜೈಲಿನ ಅಧೀಕ್ಷಕರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಅವರೇ ಕೋರ್ಟಿನಿಂದ ಸ್ಪಷ್ಟನೆ ಕೇಳಬಹುದು. ಆಗದಿದ್ದರೆ ನೀವೇ ಶಿಕ್ಷೆ ಕೊಟ್ಟ ಕೋರ್ಟಿಗೆ ಹೋಗಿ. ಸಹಿಯಾದ ತೀರ್ಪನ್ನು ಬದಲಿಸಲು ಬರುವುದಿಲ್ಲ ಎಂಬ ಆಕ್ಷೇಪ ಕೆಲವೊಮ್ಮೆ ಬರುತ್ತದೆ (ಹಳೆಯ 362, ಈಗಿನ 403ನೇ ಕಲಂ). ಅದಕ್ಕೆ ಉತ್ತರ ಸರಳ: ಶಿಕ್ಷೆಯನ್ನು ಯಾರೂ ಬದಲಿಸುತ್ತಿಲ್ಲ. 5 ವರ್ಷ ಕೊಟ್ಟಿದ್ದರೆ ಅದು 5 ವರ್ಷವಾಗಿಯೇ ಇದೆ, ಅದರಲ್ಲಿ ಎಷ್ಟು ಉಳಿದಿದೆ ಎಂಬುದಷ್ಟೇ ಪ್ರಶ್ನೆ. ಅಲ್ಲೂ ಆಗದಿದ್ದರೆ ಹೈಕೋರ್ಟ್. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ ಅರ್ಜಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದೂ ಬರೆದಿದ್ದೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ನನ್ನ ಮಗನ ಮೇಲೆ ಎರಡು ಠಾಣೆಗಳಲ್ಲಿ ಕೇಸಿದೆ. 2023ರ ಜನವರಿ 10ರಂದು ಒಂದನೇ ಠಾಣೆಯವರು ಬಂಧಿಸಿದರು. ಎರಡನೇ ಠಾಣೆಯವರು ಆಗಸ್ಟ್ 21ರಂದು ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಕೋರ್ಟಿಗೆ ಹಾಜರುಪಡಿಸುವ ಆದೇಶ) ಮೇಲೆ ಜೈಲಿನಿಂದ ಕರೆದೊಯ್ದರು. ಅವನು ಜನವರಿಯಿಂದಲೇ ಒಳಗಿದ್ದಾನೆ. ಎರಡು ಕೇಸಿಗೂ ಜನವರಿಯಿಂದಲೇ ಹಿಡಿಯುತ್ತಾರಲ್ಲವೇ?

ಉತ್ತರ: ಇಲ್ಲ. ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಲಂನಲ್ಲಿರುವ 'ಅದೇ ಪ್ರಕರಣ' ಎಂಬ ಎರಡು ಪದಗಳ ಮೇಲೆ ಎಲ್ಲವೂ ನಿಂತಿದೆ. ಮನುಷ್ಯ ಒಬ್ಬನೇ, ಜೈಲೂ ಒಂದೇ. ಆದರೆ ಪ್ರತಿ ಪ್ರಕರಣಕ್ಕೂ ಬಂಧನದ ಗಡಿಯಾರ ಬೇರೆ. ಎರಡನೇ ಕೇಸಿನ ಗಡಿಯಾರ ಓಡಲು ಶುರುವಾದದ್ದು ಆ ಕೇಸಿನಲ್ಲಿ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ರಿಮಾಂಡ್ ಮಾಡಿದಾಗ, ಅಂದರೆ ಆಗಸ್ಟ್‌ನಲ್ಲಿ. ಎಫ್ಐಆರ್‌ನಲ್ಲಿ ಅವನ ಹೆಸರು ಜನವರಿಗೂ ಮೊದಲೇ ಇತ್ತೆಂಬುದು ಸಾಲದು. ಹಾಗಾಗಿ ಎರಡನೇ ಠಾಣೆಯವರು ತಡಮಾಡಿದಷ್ಟೂ ನಷ್ಟ ಆರೋಪಿಗೇ. ಒಬ್ಬ ಒಳಗಿದ್ದಾನೆ, ಇನ್ನೊಂದು ಕೇಸು ಬಾಕಿ ಇದೆ ಎಂದು ಗೊತ್ತಿದ್ದರೆ, ಆ ಕೇಸಿನಲ್ಲೂ ತನ್ನನ್ನು ಕರೆಸಿಕೊಳ್ಳಿ ಎಂದು ಅವನ ವಕೀಲರೇ ಆ ಕೋರ್ಟಿಗೆ ಅರ್ಜಿ ಹಾಕಬಹುದು. ಕೇಳಲು ವಿಚಿತ್ರ ಎನಿಸಿದರೂ ಲಾಭ ಅದರಲ್ಲೇ ಇದೆ.

ಜಾಮೀನಿನಲ್ಲೂ ಇದೇ ತಂತ್ರವಿದೆ. ಎರಡನೇ ಕೇಸಿನಲ್ಲಿ ಜಾಮೀನು ಸಿಕ್ಕಿತೆಂದು ಅವಸರದಲ್ಲಿ ಜಾಮೀನುದಾರರನ್ನು ಒದಗಿಸಿ ಬಾಂಡ್ ಬರೆದುಕೊಟ್ಟರೆ, ಆ ದಿನದಿಂದ ಎರಡನೇ ಕೇಸಿನ ಗಡಿಯಾರ ನಿಲ್ಲುತ್ತದೆ. ಒಂದನೇ ಕೇಸಿನ ದೆಸೆಯಿಂದ ಮಗ ಒಳಗೇ ಇರುತ್ತಾನೆ, ಆದರೆ ಎರಡನೆಯದಕ್ಕೆ ಅವು ಲೆಕ್ಕಕ್ಕಿಲ್ಲದ ದಿನಗಳು. ಒಂದನೆಯದರಲ್ಲೂ ಜಾಮೀನು ಸಿಗುವವರೆಗೆ ಎರಡನೆಯದರ ಬಾಂಡ್ ತಡೆಹಿಡಿಯುವುದು ಅನುಭವಸ್ಥ ವಕೀಲರ ರೂಢಿ. ಆದೇಶವಾಗಿಯೂ ಬಾಂಡ್ ಕೊಡದಿದ್ದರೆ ಬಂಧನ ಮುಂದುವರಿದಂತೆಯೇ.

ಆಗಸ್ಟ್‌ನಿಂದಾಚೆಗೆ ಅವನು ಎರಡು ಕೇಸಿನಲ್ಲೂ ಏಕಕಾಲಕ್ಕೆ ವಿಚಾರಣಾಧೀನ. ಆ ದಿನಗಳನ್ನು ಎರಡಕ್ಕೂ ಹಿಡಿಯಬಹುದೇ? 2001ರಲ್ಲಿ ಮಹಾರಾಷ್ಟ್ರ ಸರ್ಕಾರ ವಿರುದ್ಧ ನಜಾಕತ್ ಅಲಿಯಾ ಮುಬಾರಕ್ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಬಹುಮತದಿಂದ, ಹಿಡಿಯಬಹುದು ಎಂದಿತು. ಒಂದು ಕೇಸಿನಲ್ಲಿ ಬಂಧಿತನಾಗಿದ್ದ ಎಂಬ ಕಾರಣಕ್ಕೆ ಇನ್ನೊಂದರ ಬಂಧನ ಸುಳ್ಳಾಗುವುದಿಲ್ಲ ಎಂಬುದು ಅದರ ತಿರುಳು. ಆದರೆ ಒಂದು ಕೇಸಿನ ದಿನಗಳನ್ನು ಅವನು ಬಂಧಿತನೇ ಆಗಿರದ ಬೇರೆ ಕೇಸಿಗೆ ಸಾಲ ಕೊಡಲು ಬರುವುದಿಲ್ಲ.

ಒಂದನೇ ಕೇಸಿನಲ್ಲಿ ಶಿಕ್ಷೆಯಾದ ಮೇಲೆ ಅವನು ಶಿಕ್ಷಾಬಂದಿ. ಆಗ ಎರಡನೇ ಕೇಸಿನ ಗಡಿಯಾರದ ಬಗ್ಗೆ ವಾದ ಎರಡೂ ಕಡೆ ಏಳುತ್ತದೆ. ಅದನ್ನೇ ನೆಚ್ಚಿಕೊಳ್ಳುವುದಕ್ಕಿಂತ, ಎರಡನೇ ಕೇಸಿನಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ದಿನ, ಎರಡೂ ಶಿಕ್ಷೆ ಏಕಕಾಲಕ್ಕೆ ನಡೆಯಲಿ ಎಂದು 467ನೇ ಕಲಂ (ಹಳೆಯ 427) ಅಡಿ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ, ಕೋರ್ಟು ಏನೂ ಹೇಳದಿದ್ದರೆ, ಒಂದು ಮುಗಿದ ಮೇಲೆ ಇನ್ನೊಂದು ಎಂಬುದೇ ನಿಯಮ. ಕೇಳಬೇಕಾದರೆ ಮೊದಲ ಕೇಸಿನ ತೀರ್ಪಿನ ಪ್ರತಿ ಕೈಯಲ್ಲಿರಬೇಕು. ಎರಡನೇ ಕೋರ್ಟಿಗೆ ಮೊದಲನೆಯದರ ವಿಷಯವೇ ಗೊತ್ತಿಲ್ಲದೆ ತೀರ್ಪು ಬರುವುದುಂಟು.

ಪ್ರಶ್ನೆ: ಬಂಧಿಸಿದಾಗ ಕೊಲೆ ಆರೋಪ. ಕೊನೆಗೆ ಶಿಕ್ಷೆಯಾದದ್ದು ಕೊಲೆಯಲ್ಲದ ನರಹತ್ಯೆಗೆ. ಕಲಂ ಬದಲಾದರೆ ಹಿಂದಿನ ದಿನಗಳು ಸೇರುತ್ತವೆಯೇ?

ಉತ್ತರ: ಸೇರುತ್ತವೆ. ಪ್ರಕರಣ ಒಂದೇ ಆಗಿರಬೇಕು, ಕಲಂ ಅಲ್ಲ.

ಪ್ರಶ್ನೆ: ಮಾದಕ ವಸ್ತು ಕಾಯ್ದೆಯಡಿ ಭಾವನಿಗೆ 10 ವರ್ಷ ಸಜೆ, 1 ಲಕ್ಷ ದಂಡ, ಕಟ್ಟದಿದ್ದರೆ ಇನ್ನೊಂದು ವರ್ಷ. ತೀರ್ಪಿನ ಹೊತ್ತಿಗೆ 4 ವರ್ಷ 3 ತಿಂಗಳು ಒಳಗಿದ್ದರು. ಈ ಕಾಯ್ದೆಯಲ್ಲಿ ರಿಯಾಯಿತಿ ಇಲ್ಲವಂತೆ, ನಿಜವೇ? ದಂಡದ ಒಂದು ವರ್ಷವೂ ಇದರಲ್ಲೇ ಕಳೆಯುತ್ತದೆಯೇ?

ಉತ್ತರ: ಆ ಕಾಯ್ದೆಯ 32ಎ ಕಲಂ ತಡೆಯುವುದು ಶಿಕ್ಷೆಯ ಮಾಫಿ, ಕಡಿತದಂಥವನ್ನು. ಸೆಟ್ ಆಫ್ ಮಾಫಿಯಲ್ಲ. ಕನಿಷ್ಠ 10 ವರ್ಷ ಕೊಡಲೇಬೇಕಾದ ಅಪರಾಧದಲ್ಲೂ ಶಿಕ್ಷೆ 10 ವರ್ಷವೇ, ಅದರಲ್ಲಿ ಈಗಾಗಲೇ ಅನುಭವಿಸಿದ ಭಾಗವನ್ನು ಅನುಭವಿಸಿದ್ದೆಂದು ಬರೆದುಕೊಳ್ಳುವುದಷ್ಟೇ ಇದು. ಉಳಿಯುವುದು 5 ವರ್ಷ 9 ತಿಂಗಳು.

ದಂಡದ ವಿಷಯ ಬೇರೆ. ದಂಡ ಕಟ್ಟದ್ದಕ್ಕೆ ಅನುಭವಿಸುವ ಸಜೆಗೆ ಸೆಟ್ ಆಫ್ ಇಲ್ಲ. 1978ರ ತಿದ್ದುಪಡಿಯಲ್ಲಿ ಇದನ್ನು ಕಲಂನಲ್ಲೇ ಸ್ಪಷ್ಟವಾಗಿ ಸೇರಿಸಿದರು. ಆ ಒಂದು ವರ್ಷ ಮೂಲ ಶಿಕ್ಷೆ ಮುಗಿದ ಮೇಲೆ ಪ್ರತ್ಯೇಕವಾಗಿ ಬರುತ್ತದೆ. ಹಲವು ಕಲಂಗಳಲ್ಲಿ ಹಲವು ದಂಡವಿದ್ದರೆ, ಮೂಲ ಶಿಕ್ಷೆಗಳು ಏಕಕಾಲಕ್ಕೆ ನಡೆದರೂ ದಂಡದ ಸಜೆಗಳು ಒಂದರ ಹಿಂದೊಂದು. 2018ರಲ್ಲಿ ಸುಪ್ರೀಂ ಕೋರ್ಟ್ ಶರದ್ ಹಿರು ಕೋಳಂಬೆ ಪ್ರಕರಣದಲ್ಲಿ ಹೀಗೆಂದಿದೆ. ಬಿಡುಗಡೆ ದಿನ ಎಂದು ಮನೆಯವರು ವಾಹನ ಮಾಡಿಕೊಂಡು ಜೈಲಿನ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಮರಳುವುದು ಬಹುಪಾಲು ಈ ದಂಡದ ದೆಸೆಯಿಂದ.

ಪೂರ್ತಿ ಹಣ ಹೊಂದಿಸಲಾಗದಿದ್ದರೂ ಸ್ವಲ್ಪ ಕಟ್ಟುವುದು ವ್ಯರ್ಥವಲ್ಲ. ಕಟ್ಟಿದ ಪ್ರಮಾಣಕ್ಕೆ ತಕ್ಕಂತೆ ಆ ಸಜೆ ಇಳಿಯುತ್ತದೆ. 1 ಲಕ್ಷದಲ್ಲಿ 75,000 ಕಟ್ಟಿದರೆ 12 ತಿಂಗಳಲ್ಲಿ 3 ತಿಂಗಳು ಮಾತ್ರ ಉಳಿಯುತ್ತದೆ. ದಂಡದ ಸಜೆ ಶುರುವಾದ ಮೇಲೂ ಕಟ್ಟಬಹುದು. ಶಿಕ್ಷೆ ಕೊಟ್ಟ ಕೋರ್ಟಿನ ಕಚೇರಿಯಲ್ಲಿ ಕಟ್ಟಿ, ರಸೀದಿಯ ವಿವರ ಜೈಲಿಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳಿ. ರಸೀದಿ ನಿಮ್ಮ ಬೀರುವಿನಲ್ಲಿದ್ದರೆ ಜೈಲಿನವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಜೀವಾವಧಿ ಶಿಕ್ಷೆಗೆ ಕೊನೆಯೇ ಇಲ್ಲವೆಂದ ಮೇಲೆ ಯಾವುದರಿಂದ ಕಳೆಯುತ್ತಾರೆ? ನಮ್ಮ ತಂದೆಯನ್ನು 2010ರ ಮಾರ್ಚ್‌ನಲ್ಲಿ ಬಂಧಿಸಿದರು, 2014ರ ಮಾರ್ಚ್‌ನಲ್ಲಿ ಶಿಕ್ಷೆಯಾಯಿತು. ನಡುವೆ ಜಾಮೀನು ಸಿಕ್ಕಿಲ್ಲ.

ಉತ್ತರ: ಇದೇ ತರ್ಕದ ಮೇಲೆ 1982ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಜೀವಾವಧಿ ಬಂದಿಗಳಿಗೆ ಸೆಟ್ ಆಫ್ ಇಲ್ಲ ಎಂದಿತ್ತು. 1985ರಲ್ಲಿ ಭಗೀರಥ ವಿರುದ್ಧ ದೆಹಲಿ ಆಡಳಿತ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. 2005ರ ತಿದ್ದುಪಡಿಯ ನಂತರ ಕಲಂನಲ್ಲೇ ಇದೆ: ಕೊಲೆಯಂತಹ, ಮರಣದಂಡನೆಗೂ ಅವಕಾಶವಿರುವ ಅಪರಾಧಗಳಲ್ಲಿ ಜೀವಾವಧಿ ಬಂದಿ ಕಡ್ಡಾಯವಾಗಿ ಕಳೆಯಬೇಕಾದ 14 ವರ್ಷಗಳಿಂದ ಮುಂಚಿನ ಬಂಧನದ ದಿನಗಳನ್ನು ಕಳೆಯಬೇಕು. ನಿಮ್ಮ ತಂದೆಯ 14 ವರ್ಷ 2014ರಿಂದಲ್ಲ, 2010ರಿಂದ. ಪೆರೋಲ್ ಮೇಲೆ ಹೊರಗಿರದಿದ್ದರೆ 2024ರ ಮಾರ್ಚ್‌ಗೆ ಆ ಮಿತಿ ದಾಟಿದೆ. ಪೆರೋಲ್ ದಿನಗಳ ಬಗ್ಗೆ ಎಚ್ಚರವಿರಲಿ. ಗೋವಾದ ಕೈದಿಗಳ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಪೆರೋಲ್ ಅವಧಿಯನ್ನು 14 ವರ್ಷದ ನಿಜವಾದ ಸೆರೆವಾಸದಲ್ಲಿ ಸೇರಿಸುವಂತಿಲ್ಲ ಎಂದಿದೆ.

ಆದರೆ 14 ವರ್ಷ ತುಂಬಿತೆಂದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಜೀವಾವಧಿ ಎಂದರೆ ಉಸಿರಿರುವವರೆಗೆ, ಅವಧಿಪೂರ್ವ ಬಿಡುಗಡೆ ಸರ್ಕಾರದ ತೀರ್ಮಾನ. 14 ತುಂಬಿದ್ದರಿಂದ ಆಗುವುದು ಅವರ ಹೆಸರು ಪರಿಶೀಲನೆಯ ಪಟ್ಟಿಗೆ ಬರಲು ದಾರಿ ಸುಗಮವಾಗುವುದು. ಜೈಲಿನ ದಾಖಲೆಯಲ್ಲಿ 2014 ಎಂದಿದ್ದರೆ ಆ ಪಟ್ಟಿಗೆ ಬರುವುದೇ 4 ವರ್ಷ ತಡ.

ಪ್ರಶ್ನೆ: ಗೂಂಡಾ ಕಾಯ್ದೆಯಡಿ ಒಂದು ವರ್ಷ ಇಟ್ಟಿದ್ದರು. ಆಮೇಲೆ ಹಳೆಯ ಕೇಸೊಂದರಲ್ಲಿ ಶಿಕ್ಷೆಯಾಯಿತು. ಆ ವರ್ಷ ಕಳೆಯುತ್ತದೆಯೇ?

ಉತ್ತರ: ಮುನ್ನೆಚ್ಚರಿಕೆ ಬಂಧನ ಯಾವುದೇ ಪ್ರಕರಣದ ತನಿಖೆಯ ಬಂಧನವಲ್ಲ, ಆದ್ದರಿಂದ ಕಳೆಯುವುದಿಲ್ಲ. 1977ರಿಂದಲೂ ಸುಪ್ರೀಂ ಕೋರ್ಟಿನ ನಿಲುವು ಇದೇ. ಅದೇ ವರ್ಷದೊಳಗೆ ಹಳೆಯ ಕೇಸಿನಲ್ಲೂ ರಿಮಾಂಡ್ ಮಾಡಿದ್ದರೆ ಆ ಆದೇಶದ ಪ್ರತಿ ಹುಡುಕಿ, ಅಲ್ಲಿಂದಾಚೆಯ ದಿನಗಳನ್ನು ಕೇಳಿ.

ಪ್ರಶ್ನೆ: ಒಂದು ವರ್ಷ ಸಜೆ ಕೊಟ್ಟರು, ಒಳಗಿದ್ದದ್ದು 14 ತಿಂಗಳು. ಹೆಚ್ಚಾದ 2 ತಿಂಗಳು?

ಉತ್ತರ: ದಂಡ ಬಾಕಿ ಇಲ್ಲದಿದ್ದರೆ, ಬೇರೆ ಕೇಸಿನಲ್ಲಿ ಬೇಕಾಗಿಲ್ಲದಿದ್ದರೆ ಕೂಡಲೇ ಬಿಡಬೇಕು. ಹೆಚ್ಚಾದ 2 ತಿಂಗಳನ್ನು ದಂಡದ ಸಜೆಗೆ ಹೊಂದಿಸಲು ಬರುವುದಿಲ್ಲ, ಮುಂದಿನ ಕೇಸಿಗೆ ಒಯ್ಯಲೂ ಬರುವುದಿಲ್ಲ. ಆ ಕಲಂನಲ್ಲಿ ಪರಿಹಾರದ ಮಾತೂ ಇಲ್ಲ. ನ್ಯಾಯವೇ ಎಂದು ಕೇಳಿದ್ದೀರಿ. ನಮಗೂ ಅಲ್ಲ ಎನಿಸುತ್ತದೆ, ಆದರೆ ಇರುವ ಕಾನೂನು ಇಷ್ಟು.

ಇಂಥದ್ದು ಆಗದಿರಲಿ ಎಂದೇ ಇನ್ನೊಂದು ಕಲಂ ಇದೆ, 479 (ಹಳೆಯ 436ಎ). ಆರೋಪಿತ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದರೆ ಜಾಮೀನಿನ ಮೇಲೆ ಬಿಡುಗಡೆಗೆ ಅರ್ಹ. ಹಿಂದೆಂದೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. 3 ವರ್ಷ ಗರಿಷ್ಠವಿರುವ ಕಳ್ಳತನದ ಕೇಸಿನಲ್ಲಿ ಮೊದಲ ಸಲದವನಿಗೆ 1 ವರ್ಷ, ಉಳಿದವರಿಗೆ ಒಂದೂವರೆ. ಮರಣದಂಡನೆ, ಜೀವಾವಧಿಗೆ ಅವಕಾಶವಿರುವ ಅಪರಾಧಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ಇದಿಲ್ಲ. ಅವಧಿ ತುಂಬಿದಾಗ ಕೋರ್ಟಿಗೆ ಬರೆಯಬೇಕಾದದ್ದು ಜೈಲಿನ ಅಧೀಕ್ಷಕರ ಕರ್ತವ್ಯ. 2024ರ ಜುಲೈಗೆ ಮೊದಲಿನ ಕೇಸುಗಳಿಗೂ ಇದು ಅನ್ವಯ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5,73,220 ಬಂದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಅಧೀಕ್ಷಕರ ಪತ್ರಕ್ಕೆ ಕಾಯುವ ಬದಲು ನೀವೇ ದಿನ ಎಣಿಸಿ ಅರ್ಜಿ ಹಾಕಿಸಿ.

ಪ್ರಶ್ನೆ: ಒಳಗಿದ್ದಷ್ಟು ದಿನಕ್ಕೇ ಶಿಕ್ಷೆ ಮುಗಿಯುತ್ತದೆ, ತಪ್ಪೊಪ್ಪಿಕೊಂಡು ಬಿಡು ಎಂದು ಅಣ್ಣನಿಗೆ ಜೊತೆಯವರು ಹೇಳುತ್ತಿದ್ದಾರೆ.

ಉತ್ತರ: ಮನೆಗೆ ಬರಬಹುದು, ಅಪರಾಧಿ ಎಂಬ ದಾಖಲೆ ಮಾತ್ರ ಉಳಿಯುತ್ತದೆ. ಸರ್ಕಾರಿ ಕೆಲಸ, ಪಾಸ್‌ಪೋರ್ಟ್, ಮುಂದೆಂದಾದರೂ ಇನ್ನೊಂದು ಕೇಸು ಬಂದರೆ 479ರ ಮೂರನೇ ಒಂದು ಭಾಗದ ಲಾಭ, ಎಲ್ಲಕ್ಕೂ ಅದು ಅಡ್ಡ ಬರುತ್ತದೆ. ಸಾಕ್ಷ್ಯ ದುರ್ಬಲವಾಗಿದ್ದರೆ ಮೊದಲು ಜಾಮೀನಿನ ದಾರಿ ನೋಡಿ. ತಪ್ಪೊಪ್ಪಿಗೆಯ ಶಿಕ್ಷೆ ಎಷ್ಟಾಗುತ್ತದೆಂದು ಜೊತೆಯವರು ಹೇಳಲಾರರು, ಅದು ನ್ಯಾಯಾಧೀಶರದು. ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಒಪ್ಪಂದದ ವಿಧಾನದಲ್ಲೂ ಸೆಟ್ ಆಫ್ ಸಿಗುತ್ತದೆ, ಆದರೆ ಅಲ್ಲೂ ಅಪರಾಧಿ ಎಂದೇ ಬರೆಯುತ್ತಾರೆ.

ಪ್ರಶ್ನೆ: ಅಪೀಲು ಹಾಕಿ ಶಿಕ್ಷೆ ಅಮಾನತು ಮಾಡಿಸಿ 2 ವರ್ಷ ಹೊರಗಿದ್ದೆ. ಅಪೀಲು ವಜಾ ಆಯಿತು. ಆ 2 ವರ್ಷ?

ಉತ್ತರ: ಸೇರುವುದಿಲ್ಲ, ಹೊರಗಿದ್ದ ಕಾಲವನ್ನು ಬಿಟ್ಟೇ ಎಣಿಸಬೇಕೆಂದು 430ನೇ ಕಲಂ (ಹಳೆಯ 389) ಹೇಳುತ್ತದೆ. ತೀರ್ಪಿನ ದಿನದಿಂದ ಅಮಾನತಿನ ಮೇಲೆ ಹೊರಬಂದ ದಿನದವರೆಗೆ ಒಳಗಿದ್ದ ದಿನಗಳು ಸೇರುತ್ತವೆ. ಶರಣಾಗುವಾಗ ಆ ದಿನಗಳ ದಾಖಲೆ ಜೊತೆಗೆ ಒಯ್ಯಿರಿ. ತಪ್ಪಿತಸ್ಥ ಎಂದು ಹೇಳಿದ ದಿನಕ್ಕೂ ಶಿಕ್ಷೆ ಪ್ರಕಟಿಸಿದ ದಿನಕ್ಕೂ ನಡುವೆ ಎರಡು ಮೂರು ದಿನ ಅಂತರವಿದ್ದು, ಆಗ ಒಳಗೇ ಇದ್ದಿದ್ದರೆ ಅವನ್ನೂ ಕೋಷ್ಟಕದಲ್ಲಿ ಬೇರೆ ಸಾಲಾಗಿ ತೋರಿಸಿ. ಕಲಂ 'ತಪ್ಪಿತಸ್ಥನೆಂದ ದಿನಕ್ಕೆ ಮೊದಲು' ಎನ್ನುತ್ತದೆ, ಜೈಲಿನವರು ಶಿಕ್ಷೆ ಪ್ರಕಟವಾದ ದಿನದಿಂದ ಎಣಿಸುತ್ತಾರೆ. ಆ ಎರಡು ಮೂರು ದಿನ ಯಾರ ಪುಸ್ತಕದಲ್ಲೂ ಇಲ್ಲದೆ ಹೋಗಬಹುದು.

ಪ್ರಶ್ನೆ: ಸೇನೆಯಲ್ಲಿ ಕೋರ್ಟ್ ಮಾರ್ಷಲ್ ಆದವರಿಗೆ?

ಉತ್ತರ: 428 ಅವರಿಗೆ ಅನ್ವಯಿಸುವುದಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 1992ರಲ್ಲಿ ಇದೇ ಸೌಲಭ್ಯಕ್ಕಾಗಿ ಸೇನಾ ಕಾಯ್ದೆಗೇ 169ಎ ಕಲಂ ಸೇರಿಸಿದರು. ಅರ್ಜಿ ಬರೆಯುವಾಗ ಆ ಕಲಂ ಹಾಕಿ.